ಅತ್ತೆಯವರ ಹಲ್ಲಿನೊಡನೆ ಬ್ರಿಕ್ಸೆನ್‌ಗೆ

ದೇವನಹಳ್ಳಿ

ನಮ್ಮತ್ತೆಯವರು ತಿರುಪತಿಯಿಂದಾಚೆಗೆ ಹೋದವರಲ್ಲ. ಅವರ ಹಲ್ಲಿನ ಅಚ್ಚು ಮಾತ್ರ ಇಟಲಿಗೆ ಹೋಗಿಬಂತು. ಅದನ್ನು ಕೈಚೀಲದಲ್ಲಿಟ್ಟುಕೊಂಡು ಹೋದವಳು ನಾನು.

ದೊಡ್ಡಬಳ್ಳಾಪುರದ ನಮ್ಮ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ವಿಮಾನಗಳು ತಲೆಯ ಮೇಲೇ ಹಾದುಹೋಗುತ್ತವೆ. ಚಕ್ರ ಇಳಿಬಿಟ್ಟುಕೊಂಡು ದೇವನಹಳ್ಳಿಯ ಕಡೆಗೆ ಬಾಗುವ ಅವುಗಳನ್ನು ನೋಡಿ ನೋಡಿ, ನನಗೆ ಅವು ಊರಿನ ಬಸ್ಸುಗಳಷ್ಟೇ ಪರಿಚಯ. ಆದರೆ ಒಂದರೊಳಗೂ ಕೂತವಳಲ್ಲ. ಮೊದಲ ಸಲ ಕೂರುವ ದಿನ, ತಪಾಸಣೆಯ ಬೆಲ್ಟಿನ ಮೇಲೆ ಒಳಗೆ ಸಾಗಿದ ನನ್ನ ಚೀಲ ಅತ್ತ ಕಡೆಯಿಂದ ಬರಲೇ ಇಲ್ಲ. ಸಮವಸ್ತ್ರದ ಹುಡುಗಿಯೊಬ್ಬಳು ಅದನ್ನು ಬದಿಗೆಳೆದು, ಒಳಗಿನ ಸ್ಟೀಲ್ ಡಬ್ಬಿಯನ್ನು ತೆಗೆದು ಮುಚ್ಚಳ ಬಿಚ್ಚಿದಳು. ಹಳೆಯ ರೇಷ್ಮೆ ತುಂಡಿನ ನಡುವೆ ಪ್ಲಾಸ್ಟರಿನ ದವಡೆಯೊಂದು ಬಾಯಿ ತೆರೆದು ಕೂತಿತ್ತು. ಪುಣ್ಯಕ್ಕೆ ಹುಡುಗಿ ಕನ್ನಡದವಳು.

"ಯಾರ್ದಮ್ಮ ಇದು?"

"ನಮ್ಮತ್ತೆಯವರದು."

"ಅತ್ತೆ ಎಲ್ಲಿ?"

"ಮನೇಲಿದಾರೆ."

ಅವಳು ದವಡೆಯನ್ನೂ ನನ್ನನ್ನೂ ಒಂದು ಗಳಿಗೆ ನೋಡಿದಳು. "ನಮ್ಮತ್ತೆ ಬಾಯೂ ಹಿಂಗೆ ಡಬ್ಬಿಗೆ ಹಾಕಿ ಮುಚ್ಚಿಡೋ ಹಂಗಿದ್ದಿದ್ರೆ!" ಎಂದು ಮೆಲ್ಲಗೆ ಹೇಳಿ, ರೇಷ್ಮೆಯನ್ನು ಮೊದಲಿನ ಹಾಗೆಯೇ ಮಡಿಸಿ ಮುಚ್ಚಿಕೊಟ್ಟಳು. ನನ್ನ ಹಿಂದೆ ನಿಂತಿದ್ದ ವನಜಾ ಮಾತ್ರ ನಗಲಿಲ್ಲ.

ವನಜಾ ನನ್ನ ನಾದಿನಿ, ನನ್ನ ಯಜಮಾನರ ತಂಗಿ. ನಮ್ಮದು ಮಗ್ಗದ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಇವತ್ತಿಗೂ ಪವರ್‌ಲೂಮುಗಳು ಬಡಿಯುತ್ತವೆ. ಮುಂದಿನ ಕೋಣೆಯಲ್ಲಿ ವನಜಾಳ ಲ್ಯಾಬು. ಊರಿನ ದಂತವೈದ್ಯರು ಕಳಿಸುವ ಅಚ್ಚಿಗೆ ತಕ್ಕ ಹಲ್ಲಿನ ಕವಚ ಮಾಡಿಕೊಡುವುದು ಅವಳ ಕಸುಬು. ಮೊದಲು ಎಲ್ಲ ಕೈಯಲ್ಲೇ ಮಾಡುತ್ತಿದ್ದಳು. ಆಮೇಲೆ ಕಂಪ್ಯೂಟರಿನಿಂದ ನಡೆಯುವ ಕಡೆಯುವ ಮೆಷೀನು ಬಂತು. ಪಿಂಗಾಣಿ ಜಾತಿಯ ಜಿರ್ಕೋನಿಯಾ ಎಂಬುದರ ಬಿಳಿಯ ಬಿಲ್ಲೆಯಿಂದ ಅದು ಹಲ್ಲನ್ನು ಕಡೆದುಕೊಡುತ್ತದೆ. ಆ ಮೆಷೀನಿನಲ್ಲಿ ಹುಟ್ಟಿದ ಮೊದಲನೆಯ ಹಲ್ಲನ್ನು ಅವಳು ತನ್ನ ತಾಯಿಗೇ ಹಾಕಿಸಿದಳು. ಬಲಗಡೆಯ ಕೆಳಗಿನ ದವಡೆ ಹಲ್ಲು. ಎಂಥ ಹೊಳಪು ಅಂತೀರಿ, ಬಾಯಿ ತೆರೆದರೆ ಮುತ್ತು ಕಂಡ ಹಾಗೆ. ಬೀದಿಯವರೆಲ್ಲ ಬಂದು ನೋಡಿಹೋದರು.

ವರ್ಷ ಕಳೆಯುವಷ್ಟರಲ್ಲಿ ಅತ್ತೆ ನಿಪ್ಪಟ್ಟು ಬಿಟ್ಟರು. ಆಮೇಲೆ ಹುರಿಗಾಳು. ಕೇಳಿದರೆ, "ಅಲ್ಲೇನೋ ಮರಳು ಕಚ್ಚಿದಂಗಾಗುತ್ತೆ ಕಣೇ" ಎಂದರು. ಅದರ ನೇರಕ್ಕೆ ಮೇಲಿದ್ದ ಅವರ ಸ್ವಂತ ಹಲ್ಲು ತಣ್ಣೀರಿಗೆ ಜುಮ್ಮೆನ್ನತೊಡಗಿತು. ಡಾಕ್ಟರಮ್ಮ ನೋಡಿ, ಹೊಸ ಹಲ್ಲು ಒರಟಾಗಿ ಮೇಲಿನದನ್ನು ಅರದ ಹಾಗೆ ತೇಯುತ್ತಿದೆ ಎಂದು ಹೇಳಿ ಅದನ್ನು ಕತ್ತರಿಸಿ ತೆಗೆದು, ಸದ್ಯಕ್ಕೊಂದು ಟೋಪಿ ಹಾಕಿ ಕಳಿಸಿದರು. ಅತ್ತೆ ಮಗಳಿಗೆ ಒಂದು ಮಾತೂ ಅನ್ನಲಿಲ್ಲ. "ಮುದ್ದೆ ನುಂಗೋಕೆ ಹಲ್ಲೇನು ಬೇಕು, ಬಿಡೇ" ಎಂದರು, ಅಷ್ಟೆ. ವನಜಾಳಿಗೆ ಬೈಗುಳಕ್ಕಿಂತ ಅದೇ ಹೆಚ್ಚು ನಾಟಿತು.

"ಅಮ್ಮನ ಬಾಯಿಗೇ ನೆಟ್ಟಗೆ ಒಂದು ಮಾಡಿಕೊಡೋಕಾಗ್ಲಿಲ್ಲ, ಊರವರ ಬಾಯಿಗೆ ಏನ್ ಮಾಡ್ಕೊಡ್ಲಿ ಅತ್ತಿಗೆ? ಇನ್ನೊಂದ್ಸಲ ಮಾಡ್ತೀನಿ. ಅದೂ ಸರಿಯಾಗ್ಲಿಲ್ಲ ಅಂದ್ರೆ ಮೆಷೀನು ಮಾರ್ಬಿಡ್ತೀನಿ."

ಕಡೆದ ಹಲ್ಲನ್ನು ನುಣುಪು ಮಾಡುವುದನ್ನೇ ಕಲಿಸುವ ಶಾಲೆಯೊಂದು ಇಟಲಿಯ ಉತ್ತರದ ಬೆಟ್ಟಗಳಲ್ಲಿದೆ ಎಂದು ಅವಳು ಹುಡುಕಿದ್ದು ಹಾಗೆ. ಪಾಠ ಇಂಗ್ಲಿಷಿನಲ್ಲಿ. ಕಾನ್ವೆಂಟಿನಲ್ಲಿ ಓದಿದ ಅತ್ತಿಗೆ ಮನೆಯಲ್ಲೇ ಇದ್ದಳಲ್ಲ. ನಾನು ಹೊರಟೆ.

ಬ್ರೆನ್ನರ್ ದಾಟಿ

ಮ್ಯೂನಿಕ್‌ನಲ್ಲಿ ವಿಮಾನ ಇಳಿದು ರೈಲು ಹತ್ತಿದೆವು. ಡಬ್ಬಿಯಾಕಾರದ ಕೋಣೆ. ಎದುರಿಗೆ ವಯಸ್ಸಾದ ಹೆಂಗಸೊಬ್ಬರು ಚಾಕುವಿನಿಂದ ಸೇಬಿನ ಸಿಪ್ಪೆಯನ್ನು ಒಂದೇ ಎಳೆಯಾಗಿ ತೆಗೆದು, ಅದನ್ನು ಕಾಗದದಲ್ಲಿ ಸುತ್ತಿ ತಮ್ಮ ಚೀಲಕ್ಕೇ ಹಾಕಿಕೊಂಡರು. ಅದನ್ನು ನೋಡಿದ ಮೇಲೆ ಪುಳಿಯೋಗರೆ ಬಿಚ್ಚುವುದಕ್ಕೆ ನಮಗೆ ಧೈರ್ಯ ಬರಲಿಲ್ಲ. ಕೊನೆಗೆ ಹಸಿವು ಗೆದ್ದಿತು. ಇಂಗಿನ ಒಗ್ಗರಣೆಯ ವಾಸನೆ ಇಡೀ ಕೋಣೆಗೆ ಹರಡಿದಾಗ ಆಕೆ ಮೂಗು ಮುಚ್ಚಿಕೊಳ್ಳಲಿಲ್ಲ. ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದು, ನಮ್ಮತ್ತ ತಲೆಬಾಗಿಸಿ "ಒಳ್ಳೆಯ ಊಟವಾಗಲಿ" ಎನ್ನುವಂಥದ್ದೇನೋ ಹೇಳಿದರು. ಬೇಸರವನ್ನು ಇಷ್ಟು ಚೆನ್ನಾಗಿ ತೋರಿಸಬಹುದೆಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳಿಗೂ ಗೊತ್ತಿರಲಿಕ್ಕಿಲ್ಲ.

ಬ್ರೆನ್ನರ್ ಕಣಿವೆದಾರಿ ದಾಟಿದರೆ ಇಟಲಿ. ಆದರೆ ಜನರ ಮಾತು ಹೆಚ್ಚಾಗಿ ಜರ್ಮನ್, ಮತ್ತು ಪ್ರತಿ ಊರಿಗೂ ಎರಡೆರಡು ಹೆಸರು. ನಾವು ಇಳಿಯಬೇಕಾದದ್ದು ಬ್ರಿಕ್ಸೆನ್. ರೈಲು ಒಂದು ಕಡೆ ನಿಂತಿತು. ಫಲಕದ ಮೇಲೆ ಬ್ರೆಸ್ಸನೋನೆ ಎಂದಿತ್ತು. ನಾನು ಹಾಯಾಗಿ ಕೂತಿದ್ದೆ.

"ಅತ್ತಿಗೆ, ಕೆಳಗಡೆ ಸಾಲು ಓದಿ!" ಎಂದು ವನಜಾ ಕಿರುಚಿದಳು.

ಕೆಳಗೆ ಬ್ರಿಕ್ಸೆನ್ ಎಂದಿತ್ತು. ಒಂದೇ ಊರು. ಪೆಟ್ಟಿಗೆಗಳನ್ನು ಹೇಗೆ ಎಳೆದುಕೊಂಡು ಇಳಿದೆವೋ, ಸಿಪ್ಪೆಯ ಅಜ್ಜಿ ಒಂದನ್ನು ಹಿಂದಿನಿಂದ ನೂಕಿಕೊಟ್ಟರು. ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ನಾನು ಮೊದಲು ಮಾಡಿದ್ದು ಡಬ್ಬಿ ಅಲ್ಲಾಡಿಸಿ ನೋಡಿದ್ದು. ಅತ್ತೆಯವರು ಕ್ಷೇಮ.

ಎರಡು ಹೆಸರಿನ ಊರು ನನಗೆ ಎರಡೇ ದಿನದಲ್ಲಿ ಒಗ್ಗಿತು. ಹೊಸಕೋಟೆಯ ಸಂತೆಯಲ್ಲಿ ಒಬ್ಬಾಕೆ ಒಬ್ಬರಿಗೆ ತೆಲುಗಿನಲ್ಲಿ, ಇನ್ನೊಬ್ಬರಿಗೆ ತಮಿಳಿನಲ್ಲಿ ಟೊಮೇಟೊ ಮಾರಿ, ಪಕ್ಕದ ಸಾಬರ ಅಂಗಡಿಯವರ ಜೊತೆ ಉರ್ದುವಿನಲ್ಲಿ ಜಗಳವಾಡಿ, ಮಗುವನ್ನು ಕನ್ನಡದಲ್ಲಿ ಮುದ್ದಾಡುವುದನ್ನು ನೋಡಿದವರಿಗೆ ಇದೇನು ಹೊಸತು?

ಆಗ್ನೆಸ್ ಅವರ ಮನೆ

ನಾವು ಇಳಿದುಕೊಂಡದ್ದು ಆಗ್ನೆಸ್ ಎಂಬ ವಿಧವೆಯ ಮನೆಯಲ್ಲಿ. ಎಪ್ಪತ್ತು ದಾಟಿದ, ಗಟ್ಟಿ ತೋಳಿನ ಹೆಂಗಸು. ಮನೆಯ ಸುತ್ತ ಸೇಬಿನ ತೋಟ. ನಾವು ಹೋದಾಗ ಕೊಯ್ಲು ನಡೆದಿತ್ತು. ಹೊಸ್ತಿಲಲ್ಲೇ ಆಕೆ ನಮ್ಮ ಚಪ್ಪಲಿಯ ಕಡೆ ಬೆರಳು ತೋರಿಸಿದರು. ಬಿಚ್ಚಿಡಬೇಕಂತೆ. ಒಳಗೆ ಹಾಕಿಕೊಳ್ಳಲು ಉಣ್ಣೆಯ ಮೆಟ್ಟು ಸಾಲಾಗಿ ಇಟ್ಟಿದ್ದರು. ವಿದೇಶದಲ್ಲಿ ಬೂಟು ಹಾಕಿಕೊಂಡೇ ಅಡುಗೆಮನೆಗೆ ನುಗ್ಗುತ್ತಾರೆ ಎಂದು ಯಾರು ಯಾರೋ ಹೇಳಿದ್ದನ್ನು ನಂಬಿದ್ದವಳಿಗೆ ಆ ಹೊಸ್ತಿಲಲ್ಲೇ ಆಕೆ ನಮ್ಮವರಾಗಿಬಿಟ್ಟರು.

ಆಕೆಗೆ ಇಂಗ್ಲಿಷ್ ಒಂದಕ್ಷರ ಬರದು. ಸಿಸ್ಟರುಗಳು ತಿದ್ದಿ ತೀಡಿದ ನನ್ನ ಉಚ್ಚಾರಣೆಯನ್ನೆಲ್ಲ ಹೂಡಿ, ಬಿಸಿನೀರು ಸಿಗಬಹುದೇ ಎಂದು ವಿನಯದಿಂದ ಕೇಳಿದೆ. ಆಕೆ ಒಂದು ಬೆಕ್ಕನ್ನು ಎತ್ತಿ ತಂದು ನನ್ನ ಕೈಗೆ ಕೊಟ್ಟರು. ವನಜಾ ಕೈಯನ್ನು ಲೋಟದ ಹಾಗೆ ಮಾಡಿ ಉಫ್ ಎಂದು ಊದಿ ತೋರಿಸಿದಳು. ಬಿಸಿನೀರು ಬಂತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಮಾತಿನ ಯಜಮಾನಿಕೆ ವನಜಾಳದೇ.

ಮೊದಲ ರಾತ್ರಿಯ ಊಟಕ್ಕೆ ಆಕೆ ತಟ್ಟೆಯಗಲದ, ತೆಳ್ಳಗಿನ, ಮರದಷ್ಟು ಗಟ್ಟಿಯಾದ ರೊಟ್ಟಿಯೊಂದನ್ನು ಮೇಜಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿದರು. ಅದು ಚೂರುಚೂರಾಯಿತು. ಆ ಸೀಮೆಯಲ್ಲಿ ಅದನ್ನು ಹಾಗೆಯೇ ಮುರಿಯಬೇಕಂತೆ, ಚಾಕು ಮುಟ್ಟಿಸಬಾರದಂತೆ. ಬಾಯಿಗಿಟ್ಟೆ. ಏನು ಪರಿಮಳ ಗೊತ್ತೇ? ಮೆಂತ್ಯ! ಜೊತೆಗೆ ಸೋಂಪು. ಕಚ್ಚಿದರೆ ಕಟಕ್ಕೆಂದು ಮನೆಯೆಲ್ಲ ಕೇಳುವ ಸದ್ದು.

"ನಿಪ್ಪಟ್ಟಿಗೆ ಅಕ್ಕ ಕಣೇ ಇದು, ಅತ್ತೆಗೆ ಎಷ್ಟು ಇಷ್ಟ ಆಗ್ತಿತ್ತು" ಎಂದುಬಿಟ್ಟೆ. ಅನ್ನಬಾರದಿತ್ತು. ವನಜಾ ಕೈಯಲ್ಲಿದ್ದ ಚೂರನ್ನು ತಟ್ಟೆಗಿಟ್ಟಳು.

ಆಗ್ನೆಸ್ ಅದನ್ನು ಗಮನಿಸಿದರು. ನಾನು ಡಬ್ಬಿ ತೆರೆದು ದವಡೆಯನ್ನು ತೋರಿಸಿ, "ಮಾಮಾ" ಎಂದೆ. ಅಮ್ಮ ಎನ್ನುವುದಕ್ಕೆ ಅವರಲ್ಲಿ ಹಾಗೆ. ಆಕೆಗೆ ಎಷ್ಟು ಅರ್ಥವಾಯಿತೋ. ತಮ್ಮ ಬಾಯಿ ಅಗಲಿಸಿ, ಒಳಗಿನ ಒಂದು ಹಲ್ಲನ್ನು ಉಗುರಿನಿಂದ ತಟ್ಟಿ ತೋರಿಸಿದರು, ಮಾಡಿಸಿದ್ದು ಎಂಬಂತೆ. ಆಮೇಲೆ ದವಡೆಯನ್ನು ಎತ್ತಿಕೊಂಡು ಹೋಗಿ ಕಿಟಕಿಯ ಹೂಕುಂಡಗಳ ನಡುವೆ, ಬೆಟ್ಟಗಳ ಕಡೆ ಮುಖಮಾಡಿ ಇಟ್ಟರು. ಇಷ್ಟು ದೂರ ಬಂದು ಡಬ್ಬಿಯೊಳಗೇ ಇದ್ದರೆ ಹೇಗೆ? ನಾವಿದ್ದ ಅಷ್ಟೂ ದಿನ ಬೆಳಿಗ್ಗೆ ಕಾಫಿ ಇಡುವ ಮುಂಚೆ ಆಕೆ ಆ ದವಡೆಗೆ "ಗುಟೆನ್ ಮೊರ್ಗೆನ್, ಮಾಮಾ" ಎಂದು ನಮಸ್ಕಾರ ಹೇಳುತ್ತಿದ್ದರು.

ಶಾಲೆ

ಶಾಲೆ ಸೇಬಿನ ತೋಟಗಳ ನಡುವೆ, ಕಡೆಯುವ ಮೆಷೀನು ಮಾಡುವ ಕಾರ್ಖಾನೆಯೊಂದರಲ್ಲೇ ಇತ್ತು. ದಾಬಸ್‌ಪೇಟೆಯ ಹೆದ್ದಾರಿಯಿಂದ ಸೋಂಪುರದ ಕೈಗಾರಿಕಾ ಶೆಡ್ಡುಗಳನ್ನು ಕಂಡ ಕಣ್ಣಿಗೆ ಇದು ಕಾರ್ಖಾನೆ ಎಂದೇ ಅನ್ನಿಸದು. ಒಳಗೆ ಮೆಷೀನುಗಳ ಸದ್ದು ಜೇನಿನ ಹುಟ್ಟಿನಷ್ಟು.

ಕಲಿಸುವಾಕೆ ಮಾರ್ಗಿಟ್. ನೀಳ ಆಳು, ಕತ್ತರಿಸಿದ ಬಿಳಿಕೂದಲು, ಗೋಡೆ ಅದುರುವ ನಗು. ತನ್ನ ವಿದ್ಯೆಯ ಬಗ್ಗೆ ಆಕೆಗೆ ಸಂಕೋಚವೇ ಇಲ್ಲ. ಮುರುಕು ಇಂಗ್ಲಿಷಿನಲ್ಲಿ ಮೊದಲ ದಿನವೇ ಹೇಳಿದರು: "ಕಡೆಯುವುದು ಮೆಷೀನು. ನಾಲಿಗೆಗೆ ಉತ್ತರ ಹೇಳಬೇಕಾದವರು ನೀವು."

ಬೆಣ್ಣೆಬಿಸ್ಕತ್ತಿನಷ್ಟು ದೊಡ್ಡ ಬಿಲ್ಲೆಗಳನ್ನು ಕೈಗೆ ಕೊಟ್ಟರು. ಒಂದು ಜಿರ್ಕೋನಿಯಾ, ಒಂದು ಗಾಜಿನ ಜಾತಿಯ ಪಿಂಗಾಣಿ, ಒಂದು ರಾಳ ಬೆರೆಸಿದ್ದು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಮೂರೂ ಬೇರೆ ಬೇರೆ. ನನಗೆ ನಮ್ಮ ಮನೆಯ ಸೀರೆಗಳ ಕಪಾಟು ನೆನಪಾಯಿತು. ರಾಳದ್ದು ಬೇಗ ನುಣುಪಾಗುತ್ತದೆ, ಬೇಗ ಮಾಸುತ್ತದೆ, ಆರ್ಟ್‌ಸಿಲ್ಕ್ ಎಂಬ ನಕಲಿ ರೇಷ್ಮೆಯ ಹಾಗೆ. ಜಿರ್ಕೋನಿಯಾ ಹಟಮಾರಿ. ಮೆದುವಾಗಿದ್ದಾಗ ಕಡೆದು ಕುಲುಮೆಗಿಟ್ಟರೆ ಬೆಂದ ಸೊಪ್ಪಿನ ಹಾಗೆ ಕುಗ್ಗಿ ಕಲ್ಲಾಗುತ್ತದೆ. ಅದನ್ನು ನುಣುಪು ಮಾಡುವುದು ಕಷ್ಟ, ಆದರೆ ಒಮ್ಮೆ ಮಾಡಿದರೆ ಉಳಿಯುತ್ತದೆ, ಎದುರಿನ ಹಲ್ಲಿಗೂ ಹಿತ.

ಎಲ್ಲರೂ ತಾವು ಊರಿನಲ್ಲಿ ಮಾಡಿದ್ದೊಂದು ಮಾದರಿ ತಂದಿರಬೇಕಿತ್ತು. ವನಜಾ ತಂದದ್ದು ಅಮ್ಮನ ಹಲ್ಲಿನ ಬಿಲ್ಲೆಯಿಂದಲೇ ಕಡೆದು, ಅದೇ ರೀತಿ ಮುಗಿಸಿದ ಒಂದು ಚೂರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾರ್ಗಿಟ್ ಅದನ್ನು ಹಲ್ಲುಜ್ಜುವ ಬ್ರಷ್ಷುಗಳು ಹಗಲೂ ರಾತ್ರಿ ಉಜ್ಜುವ ಒಂದು ಪೆಟ್ಟಿಗೆಗೆ ಹಾಕಿದರು. ಮಾರನೆಯ ದಿನ ತೆಗೆದು ಒಂದು ಸಣ್ಣ ಯಂತ್ರದ ಕೆಳಗಿಟ್ಟರು. ಕೂದಲಿಗಿಂತ ಚೂಪಾದ ಮೊನೆಯೊಂದು ಚೂರಿನ ಮೇಲೆ ಇರುವೆಯ ಹಾಗೆ ನಡೆಯಿತು. ಅದು ಏರಿದ್ದು ಇಳಿದದ್ದೆಲ್ಲ ಪರದೆಯ ಮೇಲೆ ಗೆರೆಯಾಗಿ ಮೂಡಿತು. ಬರಿಗಣ್ಣಿಗೆ ಏನೂ ಇಲ್ಲದ ಜಾಗದಲ್ಲಿ ಶಿವಗಂಗೆ ಬೆಟ್ಟ, ಅದರ ಪಕ್ಕ ಇನ್ನೊಂದು, ಇನ್ನೊಂದು.

ಮಾರ್ಗಿಟ್ ಸಿಡಿದರು. ಇಷ್ಟುದ್ದ ಮಾತು. ಕಡೆಯುವ ಮೊನೆ ಬಿಟ್ಟ ಸಾಲುಗಳು ಹಾಗೇ ಇವೆ, ನೀನು ಅವನ್ನು ತೆಗೆದೇ ಇಲ್ಲ, ಮೇಲೆ ಗ್ಲೇಜ್ ಎಂಬ ಗಾಜಿನ ಪದರ ಬಳಿದು ಮುಚ್ಚಿದ್ದೀಯ, ಪದರ ಸವೆದ ಕೂಡಲೇ ಅರ ಹೊರಗೆ ಬಂದಿದೆ, ಇದು ಕೆಲಸವಲ್ಲ, ಮೋಸ! ಎಂದೆಲ್ಲ.

ಎಲ್ಲರೂ ನಮ್ಮ ಕಡೆ ತಿರುಗಿದರು. ನಾನು ವನಜಾಳಿಗೆ ಹೇಳಿದೆ, "ಸ್ವಲ್ಪ ಇನ್ನೂ ಉಜ್ಜಬೇಕಿತ್ತು ಅಂತಿದಾರೆ."

ವನಜಾ ನನ್ನನ್ನೇ ನೋಡಿದಳು. "ಅತ್ತಿಗೆ, ಆಯಮ್ಮ ಅಷ್ಟು ಹೊತ್ತು ಬೈದಿದ್ದನ್ನ ಒಂದೇ ಮಾತಲ್ಲಿ ಮುಗಿಸ್ಬಿಟ್ರಲ್ಲ! ನೀವೂ ಗಂಜಿ ಹಾಕ್ಬೇಡಿ. ಪೂರ್ತಿ ಹೇಳಿ."

ಗಂಜಿ ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಗ್ಗದಿಂದ ಇಳಿದ ಸೀರೆಯ ಮೇಲೆ ತೆಳುವಾಗಿ ಗಂಜಿ ಸವರಿ ಉರುಳೆಯಲ್ಲಿ ಎಳೆದರೆ ಗಂಟುಗಳೆಲ್ಲ ಮಲಗಿ, ಸೀರೆ ಫಳಫಳ ಅನ್ನುತ್ತದೆ. ಮೊದಲ ಒಗೆತಕ್ಕೆ ಗಂಜಿ ಹೋಗುತ್ತದೆ, ಗಂಟು ಏಳುತ್ತದೆ. ಆ ಕಾರಣಕ್ಕೇ ಅತ್ತೆ ಇವತ್ತಿಗೂ ಗಂಜಿಗೆ ಮೊದಲೇ ಪ್ರತಿ ಸೀರೆಯನ್ನು ಜಗಲಿಯ ಮೇಲೆ ಹರಡಿಸಿ, ಮುಂಗೈಯ ಹಿಂಬದಿಯನ್ನು ಅದರ ಮೇಲೆ ಜಾರಿಸುತ್ತಾರೆ. ಅಂಗೈ ದುಡಿದು ಒರಟಾಗಿರುತ್ತದೆ, ಅದಕ್ಕೆ ತಿಳಿಯದು. ತಪ್ಪಿದ್ದ ಕಡೆ ಕೈ ನಿಲ್ಲುತ್ತದೆ. ಬೈಗುಳವಿಲ್ಲ, ಮಾತಿಲ್ಲ. ಕೈ ನಿಂತಿತೆಂದರೆ ನೇಯ್ದವನಿಗೆ ಗೊತ್ತಾಯಿತು.

ನಾನು ಪೂರ್ತಿ ಹೇಳಿದೆ, ಮೋಸ ಎಂಬ ಮಾತನ್ನೂ ಸೇರಿಸಿ. ವನಜಾ ತಲೆ ತಗ್ಗಿಸಿ ಕೇಳಿದಳು. "ನಿಜ. ಮೊದಲನೇದು ಒರಟು ಚಕ್ರ, ಆಮೇಲೆ ನಡುವಿಂದು, ಆಮೇಲೆ ನಯದ್ದು ಅಂತ ಗೊತ್ತಿತ್ತು. ಹೆಂಗಿದ್ರೂ ಮೇಲೆ ಗ್ಲೇಜ್ ಬರುತ್ತಲ್ಲ ಅಂತ ನಡುವಿಂದನ್ನ ಬಿಟ್ಬಿಡ್ತಿದ್ದೆ. ಗಂಜಿ ನೋಡ್ಕೊಂಡೇ ಬೆಳೆದು, ಅಮ್ಮನ ಬಾಯಿಗೇ ಗಂಜಿ ಹಾಕ್ಬಿಟ್ಟೆ."

ಆ ದಿನ ಅವಳು ಮತ್ತೆ ಮತ್ತೆ ಉಜ್ಜಿದಳು. ಗೆರೆ ನೆಲಕ್ಕಿಳಿಯಲೇ ಇಲ್ಲ. ಒತ್ತಿ ಉಜ್ಜಿದಷ್ಟೂ ಹೊಸ ಗೀರು. "ಅದರ ಜೊತೆ ಯಾಕೆ ಜಗಳ?" ಎಂದರು ಮಾರ್ಗಿಟ್. ನಾನು ಅಷ್ಟನ್ನೇ ಹೇಳಿದೆ.

ಗಾರ್ಡೆನಾ ಕಣಿವೆ, ಭಾನುವಾರ

ಭಾನುವಾರ ಶಾಲೆ ಇರಲಿಲ್ಲ. ವನಜಾಳ ಮುಖ ನೋಡಲಾರದೆ ಆಗ್ನೆಸ್ ಚರ್ಚಿನಿಂದ ಬಂದವರೇ ನಮ್ಮನ್ನು ತಮ್ಮ ಕಾರಿಗೆ ಹತ್ತಿಸಿಕೊಂಡರು. ಎತ್ತ ಎಂದು ಕೇಳುವ ಭಾಷೆ ನಮ್ಮಲ್ಲಿರಲಿಲ್ಲ. ಆಕೆ ತಿರುವುಗಳಲ್ಲಿ ಕಾರು ಓಡಿಸುವ ರೀತಿಗೆ ನಾನು ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೂ, ಅತ್ತೆ ಕಲಿಸಿದ ಶ್ಲೋಕವನ್ನೂ ಒಂದರ ಹಿಂದೆ ಒಂದು ಹೇಳಿಕೊಂಡೆ.

ತಲುಪಿದ್ದು ಗಾರ್ಡೆನಾ ಎಂಬ ಕಣಿವೆ. ಮೇಲೆ ಬೂದುಬಣ್ಣದ ಕಲ್ಲಿನ ಗೋಡೆಗಳಂಥ ಶಿಖರಗಳು, ಕೆಳಗೆ ಮರ ಕೆತ್ತುವವರ ಊರು. ಆಗ್ನೆಸ್‌ರ ಚಿಕ್ಕಪ್ಪನ ಮಗ ಯೋಸೆಫ್ ಅವರ ಕಾರ್ಯಾಗಾರದ ಬಾಗಿಲು ತೆರೆದಾಗ ಮರದ ಹೊಟ್ಟಿನ ಘಮ ಮುಖಕ್ಕೆ ಬಡಿಯಿತು. ಒಳಗೆ ಮಗುವನ್ನೆತ್ತಿಕೊಂಡ ಮರದ ತಾಯಿಯರ ಸಾಲು. ಎಲ್ಲ ಒಂದೇ ಅಳತೆ, ಎಲ್ಲರ ಮುಖದ ಮೇಲೂ ಉಳುಮೆಯಂಥ ಸಾಲುಗಳು. ಅವನ್ನು ಮೆಷೀನು ಕಡೆದಿತ್ತು! ಬೆಟ್ಟದ ಮೇಲೂ ಅದೇ ಮೆಷೀನು, ಅದೇ ಗೀರು. ವನಜಾ ಮೊದಲ ಬಾರಿಗೆ ನಕ್ಕಳು.

ಯೋಸೆಫ್ ಒಂದು ತಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೆನ್ನೆಯನ್ನು ಅರದಿಂದ ಮೇಲಿನಿಂದ ಕೆಳಕ್ಕೆ ಸವರಿದರು, ಮಗುವಿನ ತಲೆ ಸವರಿದಷ್ಟೇ ಹಗುರಾಗಿ. ಆಮೇಲೆ ಇನ್ನೂ ನಯದ ಅರ ತೆಗೆದುಕೊಂಡು ಅಡ್ಡಡ್ಡ ಎಳೆದರು. ನಿಲ್ಲಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಉದ್ದಗೆರೆ ಒಂದೇ ಒಂದು ಉಳಿದಿತ್ತು. ಅದು ಹೋಗುವ ತನಕ ಅಡ್ಡವೇ. ಅದು ಹೋದ ಮೇಲೆ ಮುಂದಿನ ಅರ, ಮತ್ತೆ ಉದ್ದಕ್ಕೆ.

ವನಜಾ ನನ್ನ ತೋಳು ಹಿಡಿದುಕೊಂಡಳು. "ಅತ್ತಿಗೆ! ಹಾಸು, ಹೊಕ್ಕು!"

ಮಗ್ಗದಲ್ಲಿ ಉದ್ದಕ್ಕೆ ಹೋಗುವ ದಾರ ಹಾಸು, ಅಡ್ಡ ಹಾಯುವ ದಾರ ಹೊಕ್ಕು. ಅವಳು ತನ್ನ ಅಂಗೈ ಮೇಲೆ ಬೆರಳಿನಿಂದ ಉದ್ದಗೆರೆ, ಅಡ್ಡಗೆರೆ ಎಳೆದು ಯೋಸೆಫ್‌ರಿಗೆ ತೋರಿಸಿದಳು. "ಯಾ, ಯಾ!" ಎಂದು ಅವರೂ ಉತ್ಸಾಹದಿಂದ ಎಳೆದು ತೋರಿಸಿದರು. ವನಜಾ ನನ್ನ ಕಡೆಗೆ ತಿರುಗಿ, "ಒಂದೇ ಕಡೆಗೆ ಉಜ್ತಿದ್ದೆ ನಾನು. ಹಳೇ ಗೀರು ಹೋಯ್ತಾ ಹೊಸ ಗೀರು ಬಂತಾ ಅಂತ ಹೆಂಗೆ ಗೊತ್ತಾಗ್ಬೇಕು? ಅಡ್ಡ ಹೊಡೆದ್ರೆ ತಾನೇ ಉದ್ದ ಕಾಣೋದು!" ಎಂದಳು.

ದೇಶ ಸುತ್ತಿ ಬಂದು ನೋಡಿದ್ದು ನಮ್ಮ ಹಿತ್ತಲಿನದೇ ಎಂದು ಕೆಲವರು ನಗಬಹುದು. ಆದರೆ ಹಿತ್ತಲಿನಲ್ಲಿ ಕೂತಿದ್ದರೆ ಅದು ಕಾಣುತ್ತಿತ್ತೇ? ನನಗೇನೋ ಸಂದೇಹ.

ಮತ್ತೆ ಶಾಲೆ

ಸೋಮವಾರ ಅವಳು ಆ ಚೂರಿನ ಮೇಲೆ ಮೊದಲು ನೀಲಿ ಪೆನ್ಸಿಲ್ ತಿಕ್ಕಿದಳು. ಅದು ಮಾರ್ಗಿಟ್ ಹೇಳಿಕೊಟ್ಟ ಉಪಾಯ. ಬಿಳಿಯ ಮೇಲೆ ಗೀರು ಕಾಣದು, ನೀಲಿ ಅದರೊಳಗೆ ಉಳಿದುಕೊಂಡು ಹೇಳುತ್ತದೆ. ಒರಟು ಚಕ್ರ ಹಾಸಿನ ಹಾಗೆ ಉದ್ದಕ್ಕೆ, ನಡುವಿನದು ಹೊಕ್ಕಿನ ಹಾಗೆ ಅಡ್ಡಕ್ಕೆ, ನಯದ್ದು ಮತ್ತೆ ಉದ್ದಕ್ಕೆ. ಕೊನೆಗೆ ಮೇಕೆಕೂದಲಿನ ಬ್ರಷ್ಷಿಗೆ ಲೇಪ ಹಚ್ಚಿಕೊಂಡು, ತಾಗಿತೋ ಇಲ್ಲವೋ ಎಂಬಷ್ಟು ಹಗುರ. ಪಕ್ಕದಲ್ಲಿದ್ದ ಪೋಲೆಂಡಿನ ಹುಡುಗಿ ತನ್ನ ಕೆಲಸ ಬಿಟ್ಟು ನೋಡುತ್ತ ನಿಂತಳು.

ಚೂರು ಮತ್ತೆ ಮೊನೆಯ ಕೆಳಗೆ ಹೋಯಿತು. ಇರುವೆ ಹೊರಟಿತು. ಪರದೆಯ ಮೇಲೆ ಗಾಳಿಯಿಲ್ಲದ ಹೊತ್ತಿನ ಕೆರೆ.

ಮಾರ್ಗಿಟ್ ಕನ್ನಡಕ ಏರಿಸಿ ನೋಡಿದರು. ಚೂರನ್ನು ತೊಳೆದು ವನಜಾಳಿಗೆ ಕೊಟ್ಟು, ಕಣ್ಣು ಮುಚ್ಚಿ ನಾಲಿಗೆಯ ತುದಿ ಆಡಿಸಲು ಹೇಳಿದರು. ಅವಳು ಆಡಿಸಿದಳು. ಕಣ್ಣು ತೆರೆದಾಗ ಮಾರ್ಗಿಟ್ ಗಂಭೀರವಾಗಿ "ಸೋ" ಎಂದರು. ಅಷ್ಟೇ.

"ಏನಂದ್ರು ಅತ್ತಿಗೆ?"

"ಹ್ಞೂಂ ಅಂದ್ರು. ಪೂರ್ತಿ ಹೇಳಿದೀನಿ, ಏನೂ ಬಿಟ್ಟಿಲ್ಲ."

ಉಳಿದ ದಿನಗಳಲ್ಲಿ ಕಿಟಕಿಯಲ್ಲಿದ್ದ ದವಡೆ ನಮ್ಮ ಜೊತೆ ಶಾಲೆಗೆ ಬಂತು. ಅದನ್ನು ಅಳೆದು, ಕಡೆದು, ಬೇಯಿಸಿ, ಹಲ್ಲಿನ ಏರುತಗ್ಗುಗಳಲ್ಲೆಲ್ಲ ಸಣ್ಣ ಸಣ್ಣ ಚಕ್ರ ಓಡಿಸಿ ವನಜಾ ಹೊಸ ಹಲ್ಲನ್ನು ಮುಗಿಸಿದಳು. ಗ್ಲೇಜ್ ಹಚ್ಚಲಿಲ್ಲ. ಹಳೆಯದರಷ್ಟು ಹೊಳಪು ಇದಕ್ಕಿರಲಿಲ್ಲ. ಒದ್ದೆ ಹಲ್ಲಿನ ಹೊಳಪು, ಅಷ್ಟೆ.

ಹೊರಡುವ ಬೆಳಿಗ್ಗೆ ಆಗ್ನೆಸ್ ಗಟ್ಟಿ ರೊಟ್ಟಿಯ ಕಟ್ಟೊಂದನ್ನು ನನ್ನ ಚೀಲಕ್ಕೆ ತುರುಕಿ, ಡಬ್ಬಿಯನ್ನು ತಟ್ಟಿ "ಮಾಮಾ" ಎಂದರು. ಅಪ್ಪಿಕೊಂಡಾಗ ಆಕೆಯ ಕೂದಲಲ್ಲೂ ಮೆಂತ್ಯದ ವಾಸನೆಯಿತ್ತು.

ದೊಡ್ಡಬಳ್ಳಾಪುರ

ಡಾಕ್ಟರಮ್ಮ ಹಲ್ಲನ್ನು ಕೂರಿಸಿ ನೀಲಿ ಕಾಗದ ಕಚ್ಚಿಸಿದರು. ತೆಗೆದು ನೋಡಿದರೆ ಒಂದು ಕಡೆ ಸಾಸಿವೆಯಷ್ಟು ಗುರುತು. "ಇಲ್ಲಿ ಸ್ವಲ್ಪ ಎತ್ತರ ಆಗಿದೆ ವನಜಾ" ಎಂದು, ನಾವು ಏನೆನ್ನುವ ಮೊದಲೇ, ವಜ್ರದ ಮೊನೆಯಿಂದ ಜುಯ್ ಎಂದು ಉಜ್ಜಿಬಿಟ್ಟರು. ಅದು ಅವರ ಕೆಲಸ, ಎಲ್ಲರಿಗೂ ಮಾಡುವಂಥದ್ದೇ. ಆದರೆ ನಾನು ವನಜಾಳ ಮುಖ ನೋಡಿದೆ. ಬೆಟ್ಟದಾಚೆಯಿಂದ ತಂದ ಕೆರೆಯ ನೀರಿಗೆ ಯಾರೋ ಕಲ್ಲೆಸೆದ ಹಾಗೆ.

"ಅಂಟಿಸ್ಬೇಡಿ ಡಾಕ್ಟ್ರೇ. ನನಗೆ ಕೊಡಿ. ನಾಳೆ ತರ್ತೀನಿ."

"ಇಷ್ಟಕ್ಕೆಲ್ಲ ಯಾಕಮ್ಮ? ನಾನೇ ಒಂದು ಸುತ್ತು ಪಾಲಿಶ್ ಕೊಡ್ತೀನಿ."

"ಬೇಡ. ಅಲ್ಲಿ ಉದ್ದ ಗೀರು ಬಿದ್ದಿದೆ. ನಾನು ಅಡ್ಡ ಹೊಡೀಬೇಕು."

ಅತ್ತೆ ತೆರೆದ ಬಾಯಿಯಲ್ಲೇ ಮಗಳ ಕಡೆ ಕಣ್ಣು ಹೊರಳಿಸಿದರು. ಸದ್ಯದ ಟೋಪಿ ಮತ್ತೆ ಬಾಯಿಗೆ ಹೋಯಿತು.

ಆ ಸಂಜೆ ಮುಂದಿನ ಕೋಣೆಯಲ್ಲಿ ಮಾರ್ಗಿಟ್ ಇರಲಿಲ್ಲ, ಇರುವೆಯಂತೆ ನಡೆಯುವ ಮೊನೆಯೂ ಇರಲಿಲ್ಲ. ಹಿತ್ತಲಲ್ಲಿ ಮಗ್ಗಗಳು ಬಡಿಯುತ್ತಿದ್ದವು. ವನಜಾ ದೀಪವನ್ನು ಓರೆಯಾಗಿ ಬಾಗಿಸಿಕೊಂಡು ನೀಲಿ ಪೆನ್ಸಿಲ್ ತಿಕ್ಕಿದಳು. ಸಾಸಿವೆಯಷ್ಟು ಜಾಗ. ಅಷ್ಟಕ್ಕೇ ಮೂರು ಚಕ್ರ, ಒಂದನ್ನೂ ಬಿಡದೆ. ನಾನು ಕಾಫಿ ತಂದಿಟ್ಟು ಬಾಗಿಲಲ್ಲೇ ನಿಂತೆ. ಕಾಫಿ ತಣ್ಣಗಾಯಿತು. ಒಂದು ಸಲ ಮುಗಿಯಿತೆಂದು ಇಟ್ಟವಳು, ಬೆಳಕಿಗೆ ಹಿಡಿದು, ತಲೆಯಾಡಿಸಿ, ನಡುವಿನ ಚಕ್ರಕ್ಕೆ ಮತ್ತೆ ಕೈ ಹಾಕಿದಳು. ಕೊನೆಗೆ ತೊಳೆದು, ಕಣ್ಣು ಮುಚ್ಚಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, ಆಮೇಲೆ ಇನ್ನೊಮ್ಮೆ ಚೆನ್ನಾಗಿ ತೊಳೆದು ಡಬ್ಬಿಗೆ ಹಾಕಿದಳು.

ಮಾರನೆಯ ದಿನ ಹಲ್ಲು ಅಂಟಿತು. ಒಂದೆರಡು ದಿನ ಗಟ್ಟಿ ಕಚ್ಚಬೇಡಿ ಎಂದಿದ್ದರು ಡಾಕ್ಟರಮ್ಮ. ಅತ್ತೆ ಆ ದಿನಗಳನ್ನು ಮುದ್ದೆಯಲ್ಲಿ ಕಳೆದರು. ಹಲ್ಲಿನ ಮಾತೇ ಎತ್ತಲಿಲ್ಲ. ವನಜಾ ಊಟಕ್ಕೆ ಕೂತರೂ ಅವರ ಕಡೆ ನೋಡುತ್ತಿರಲಿಲ್ಲ.

ಗಡುವು ಮುಗಿದ ಮಧ್ಯಾಹ್ನ ಅತ್ತೆ ಜಗಲಿಯ ಮೇಲೆ ಒಂದು ಸೀರೆ ನೋಡಿ ಮುಗಿಸಿ ಗೋಡೆಗೊರಗಿದ್ದರು. ನಾನು ಗಟ್ಟಿ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಆಗ್ನೆಸ್‌ರ ಹಾಗೆಯೇ ಮುಷ್ಟಿಯಿಂದ ಗುದ್ದಿದೆ.

"ಏನೇ ಇದು, ತಟ್ಟೆ ಒಡೀತೀಯಾ?"

"ಇಟಲಿ ನಿಪ್ಪಟ್ಟು ಅತ್ತೆ. ನಿಮಗೆ ದಿನಾ ನಮಸ್ಕಾರ ಹೇಳ್ತಿದ್ದೋರು ಕಳ್ಸಿದಾರೆ."

ಮೂಸಿ ನೋಡಿದರು. "ಮ್ಯಾಂತ್ಯ ಹಾಕವ್ರೆ." ಅವರ ಮುಖ ಅರಳಿತು. ಆದರೆ ಚೂರನ್ನು ಬಾಯಿಗಿಡಲಿಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತರು.

ಲ್ಯಾಬಿನ ಬಾಗಿಲಲ್ಲಿ ವನಜಾ ನಿಂತಿದ್ದಳು. ಇಬ್ಬರೂ ಒಂದನ್ನೇ ನೋಡುತ್ತಿದ್ದೆವು. ಅತ್ತೆಯ ಬಲಗೆನ್ನೆಯ ಒಳಗೆ ನಾಲಿಗೆ ನಡೆಯುತ್ತಿತ್ತು. ಸೀರೆಯ ಮೇಲೆ ಮುಂಗೈ ಜಾರುವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ಹಿಂದಕ್ಕೆ ಬಂತು. ಮತ್ತೆ ಹೋಯಿತು. ಎಲ್ಲೂ ನಿಲ್ಲಲಿಲ್ಲ. ಅತ್ತೆಯ ಹುಬ್ಬು ಗಂಟಿಕ್ಕಿತು. ಬೆರಳು ಬಾಯಿಗೆ ಹಾಕಿ ತಡವಿದರು.

"ವನಜಾ, ಬಾರೇ ಇಲ್ಲಿ. ಯಾವ್ದೇ ನೀನ್ ಮಾಡಿದ್ದು? ಆಗ್ಲಿಂದ ಹುಡುಕ್ತಿದೀನಿ, ಸಿಗ್ತಾನೇ ಇಲ್ವಲ್ಲೇ."

ವನಜಾ ಬರಲಿಲ್ಲ. ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

"ಇವಳಿಗೇನಾಯ್ತೇ ಲಲಿತಾ?" ಎಂದು ನನ್ನನ್ನು ಕೇಳುತ್ತ, ಅತ್ತೆ ರೊಟ್ಟಿಯ ದೊಡ್ಡ ಚೂರೊಂದನ್ನು ಆರಿಸಿ ಬಲಗಡೆಗೆ ಹಾಕಿಕೊಂಡು ಕಚ್ಚಿದರು. ಮಗ್ಗಗಳ ಸದ್ದನ್ನೂ ಮೀರಿ ಅದು ಕೇಳಿಸಿತು.